ಭಂಗಿ ಸೊಪ್ಪು: ಔಷಧವೆಷ್ಟು, ಅಮಲೆಷ್ಟು?

(ಜೂನ್ ೨೬ರಂದು ನಮ್ಮ ಶಾಲೆಯ ಪೋಷಕರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಳೆದ ವರ್ಷ ಇದೇ ದಿನ ಇದೇ ಸಭಾಂಗಣದಲ್ಲಿ ನಡೆದ ಒಂದು ಸಂಗತಿಯನ್ನು ತಮಗೆ ಮೊದಲು ಜ್ಞಾಪಿಸಬೇಕಾಗಿದೆ. ಮಾದಕ ವಸ್ತುಗಳ ವಿರೋಧದ ದಿನವೆಂದು ಏರ್ಪಡಿಸಿದ್ದ ಸಭೆಯಲ್ಲಿ ಪ್ರತಿಜ್ಞಾವಚನವನ್ನು ಓದಿಸಿ ಮುಗಿದ ಮೇಲೆ, ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಎದ್ದುನಿಂತು, "ಸಾರ್, ಗಾಂಜಾ ಬೇರೆ ದೇಶಗಳಲ್ಲಿ ಔಷಧವಂತೆ, ಡಾಕ್ಟರೇ ಕೊಡುತ್ತಾರಂತೆ. ಹಾಗಿದ್ದರೆ ಇಲ್ಲಿ ಯಾಕೆ ಜೈಲು?" ಎಂದು ಕೇಳಿದನು. ಸಭೆಯಲ್ಲಿ ನಗು ಎದ್ದಿತು. ಉಪಾಧ್ಯಾಯರೊಬ್ಬರು "ಕೂತುಕೊಳ್ಳೋ" ಎಂದು ಗದರಿಸಿದರು. ಹುಡುಗನು ಕೆಂಪೇರಿದ ಮುಖದಿಂದ ಕುಳಿತನು. ವೇದಿಕೆಯ ಮೇಲಿದ್ದ ನಾವು ಏನನ್ನೂ ಹೇಳದೆ ವಂದನಾರ್ಪಣೆಗೆ ಅಪ್ಪಣೆ ಕೊಟ್ಟೆವು. ಸತ್ಯವನ್ನು ಹೇಳುವುದಾದರೆ, ಆ ದಿನ ನಮಗೆ ಉತ್ತರ ತಿಳಿದಿರಲಿಲ್ಲ. ಪ್ರಶ್ನೆ ಕೇಳಿದವನನ್ನು ಕೂರಿಸಿ, ಉತ್ತರ ತಿಳಿಯದವರು ನಿಂತೇ ಇದ್ದುದು ಶಾಲೆಗೆ ಒಪ್ಪುವ ನಡತೆಯಲ್ಲ. ಈ ಒಂದು ವರ್ಷದಲ್ಲಿ ಬಿಡುವಾದಾಗಲೆಲ್ಲ ಓದಿ, ಬಲ್ಲ ವೈದ್ಯರನ್ನು ಕೇಳಿ ತಿಳಿದುಕೊಂಡುದನ್ನು ಇಂದು ಆ ವಿದ್ಯಾರ್ಥಿಗೂ ತಮಗೆಲ್ಲರಿಗೂ ಒಪ್ಪಿಸುತ್ತೇವೆ.

ಮೊದಲು ಗಿಡದ ಪರಿಚಯ. ಕನ್ನಡದಲ್ಲಿ ಭಂಗಿ, ಸಂಸ್ಕೃತದಲ್ಲಿ ಭಂಗಾ, ವಿಜಯಾ ಎಂದು ಹೆಸರುಳ್ಳ ಗಿಡವಿದು. ೧೭೫೩ರಲ್ಲಿ ಲಿನ್ನೇಯಸ್ ಎಂಬ ಸ್ವೀಡನ್ ದೇಶದ ಪಂಡಿತನು ಇದಕ್ಕೆ ಕ್ಯಾನಬಿಸ್ ಸಟೈವ ಎಂಬ ಶಾಸ್ತ್ರೀಯ ನಾಮವನ್ನಿಟ್ಟನು. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೆಣ್ಣು ಗಿಡದ ಹೂಗೊಂಚಲನ್ನು ಒಣಗಿಸಿದರೆ ಗಾಂಜಾ, ಅದರ ಅಂಟನ್ನು ಉಜ್ಜಿ ತೆಗೆದರೆ ಚರಸ್, ಎಲೆಯನ್ನು ಅರೆದರೆ ಭಂಗಿ. ಒಂದೇ ಗಿಡದ ಮೂರು ಪದಾರ್ಥಗಳು. ಮೂರರ ಬಲವೂ ಬೇರೆ ಬೇರೆ. ಇಲ್ಲಿ ಕೃಷಿಕರ ಮಕ್ಕಳಿಗಾಗಿ ಒಂದು ಮಾತು. ನಾವು ಪಲ್ಯ ಮಾಡಿ ತಿನ್ನುವ ಪುಂಡಿ ಸೊಪ್ಪಿನ ಎಲೆಯೂ ಬೆರಳು ಬಿಡಿಸಿದ ಹಸ್ತದಂತೆ ಭಂಗಿಯ ಎಲೆಯನ್ನು ಹೋಲುವುದರಿಂದ ಅದರ ಶಾಸ್ತ್ರೀಯ ನಾಮದಲ್ಲಿಯೂ ಕ್ಯಾನಬಿನಸ್ ಎಂಬ ಶಬ್ದವು ಸೇರಿಕೊಂಡಿದೆ; ಆದರೆ ಅದು ದಾಸವಾಳದ ಜಾತಿಯದು, ಅದರಲ್ಲಿ ಅಮಲಿಲ್ಲ. ಗದ್ದೆಗೆ ಹಸಿರು ಗೊಬ್ಬರವಾಗಿ ಬಿತ್ತುವ ಸೆಣಬನ್ನು ಇಂಗ್ಲಿಷಿನಲ್ಲಿ ಸನ್ ಹೆಂಪ್ ಎನ್ನುವುದರಿಂದಲೂ ಗೊಂದಲವುಂಟು. ಅದು ಅವರೆ, ಹುರುಳಿಗಳ ಬಳಗಕ್ಕೆ ಸೇರಿದುದು. ನಿಮ್ಮ ಹೊಲದ ಸೆಣಬಿಗೆ ಯಾರೂ ಅಂಜಬೇಕಾದುದಿಲ್ಲ.

ಭಂಗಿಯು ನಮ್ಮ ದೇಶಕ್ಕೆ ಹೊಸದಲ್ಲ. ಅಥರ್ವವೇದದಲ್ಲಿ ಅದರ ಹೆಸರಿದೆ. ವೈದ್ಯಗ್ರಂಥವಾದ ಶಾರ್ಙ್ಗಧರ ಸಂಹಿತೆಯು ಒಂದು ವಿಶೇಷವಾದ ಗುಣವನ್ನು ಗುರುತಿಸಿದೆ. ಸಾಮಾನ್ಯ ಪದಾರ್ಥಗಳು ಮೊದಲು ಜೀರ್ಣವಾಗಿ ಆ ಮೇಲೆ ದೇಹದಲ್ಲಿ ಹರಡಿದರೆ, ಭಂಗಿ ಮತ್ತು ಅಫೀಮು ಮೊದಲು ದೇಹವನ್ನೆಲ್ಲ ವ್ಯಾಪಿಸಿ ತರುವಾಯ ಜೀರ್ಣವಾಗುತ್ತವೆಂದು ಹೇಳಿ, ಇಂಥವನ್ನು ವ್ಯವಾಯಿ ಎಂಬ ಗುಂಪಿಗೆ ಸೇರಿಸಿದೆ. ಹದಿನಾರನೆಯ ಶತಮಾನದ ಭಾವಪ್ರಕಾಶವು ಇದನ್ನು ಕಫಹರ, ಮಲವನ್ನು ಕಟ್ಟುವಂಥದು, ಪಚನಕಾರಿ ಎಂದು ಹೊಗಳಿ, ಅದೇ ಉಸಿರಿನಲ್ಲಿ ಮೋಹವನ್ನೂ ಮಾತನ್ನೂ ಹೆಚ್ಚಿಸುವಂಥದೆಂದು ಎಚ್ಚರಿಸುತ್ತದೆ. ಅತಿಸಾರ, ಗ್ರಹಣಿಗಳಿಗೆ ಕೊಡುವ ಜಾತೀಫಲಾದಿ ಚೂರ್ಣದಲ್ಲಿ ಭಂಗಿಯು ಸೇರಿದೆ. ಆದರೆ ವೈದ್ಯರು ಅದನ್ನು ಹಾಗೆಯೇ ಬಳಸುತ್ತಿರಲಿಲ್ಲ. ಶೋಧನೆಯೆಂಬ ಸಂಸ್ಕಾರವನ್ನು ಮಾಡಿಯೇ, ತೂಕವಿಟ್ಟೇ ಬಳಸುತ್ತಿದ್ದರು. ಇಂದಿಗೂ ಔಷಧ ಕಾಯಿದೆಯ ನಿಯಮಗಳಲ್ಲಿ ಆಯುರ್ವೇದ, ಸಿದ್ಧ ಪದ್ಧತಿಗಳ ವಿಷದ್ರವ್ಯಗಳ ಪಟ್ಟಿಯೊಂದಿದ್ದು, ಭಂಗಿಯು ಅದರಲ್ಲಿ ದತ್ತೂರಿ, ಅಫೀಮುಗಳ ಜೊತೆಗೆ ಕುಳಿತಿದೆ. ಅಂಥ ಔಷಧವನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸಬೇಕೆಂದು ಸೀಸೆಯ ಮೇಲೆಯೇ ಮುದ್ರಿಸಿರಬೇಕು. ಆದುದರಿಂದ "ನಮ್ಮ ಅಜ್ಜಿಯ ಕಾಲದಲ್ಲಿ ಹೊಟ್ಟೆನೋವಿಗೆ ಕೊಡುತ್ತಿದ್ದರಲ್ಲ" ಎನ್ನುವವರ ಮಾತು ಸುಳ್ಳೆಂದು ನಾವು ಹೇಳುವುದಿಲ್ಲ. ಅರ್ಧ ಮಾತೆಂದು ಹೇಳುತ್ತೇವೆ.

ಪಾಶ್ಚಾತ್ಯ ವೈದ್ಯಕ್ಕೆ ಈ ಗಿಡವನ್ನು ಪರಿಚಯ ಮಾಡಿಸಿದುದೂ ಭಾರತವೇ. ಓಷಾಗ್ನೆಸಿ ಎಂಬ ಐರ್ಲೆಂಡಿನ ವೈದ್ಯರು ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. (ಮುಂದೆ ನಮ್ಮ ದೇಶದಲ್ಲಿ ತಂತಿ ಟಪಾಲಿನ ಕಂಬಗಳನ್ನು ನೆಡಿಸಿದವರೂ ಇವರೇ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು.) ಅವರು ಈ ದೇಶದ ಪಂಡಿತರನ್ನೂ ಹಕೀಮರನ್ನೂ ವಿಚಾರಿಸಿ, ಮೊದಲು ಪ್ರಾಣಿಗಳ ಮೇಲೆ, ಅನಂತರ ರೋಗಿಗಳ ಮೇಲೆ ಪರೀಕ್ಷಿಸಿ, ೧೮೩೯ರಲ್ಲಿ ಒಂದು ಪ್ರಬಂಧವನ್ನು ಮಂಡಿಸಿದರು. ಧನುರ್ವಾಯುವಿನ ಸೆಳೆತ ಇದರಿಂದ ಸಡಿಲವಾಯಿತು. ಹುಚ್ಚುನಾಯಿ ಕಡಿತದ ರೋಗಿಯೊಬ್ಬನು ಬದುಕಲಿಲ್ಲ. ಆದರೆ ನೀರನ್ನು ಕಂಡರೆ ನಡುಗುತ್ತಿದ್ದವನು ಕೊನೆಯ ದಿನಗಳಲ್ಲಿ ಬಾಯಿ ತೇವ ಮಾಡಿಕೊಳ್ಳುವಂತಾದನು. ಸುಮಾರು ನಲವತ್ತು ದಿನದ ಹೆಣ್ಣು ಶಿಶುವಿಗೆ ಬರುತ್ತಿದ್ದ ಸೆಳವು ನಿಂತಿತು. ಈ ಶಿಶುವಿನ ಸಂಗತಿಯನ್ನು ನೆನಪಿನಲ್ಲಿಡಿರಿ, ಮುಂದೆ ಮತ್ತೆ ಬರುತ್ತದೆ.

ಹೀಗೆ ಹೊರಟ ಔಷಧವು ೧೮೫೦ರಲ್ಲಿ ಅಮೇರಿಕದ ಔಷಧಕೋಶವನ್ನು ಸೇರಿ, ೧೯೪೨ರಲ್ಲಿ ಅದರಿಂದ ಹೊರಬಿದ್ದಿತು. ಕಾನೂನಿನ ಭಯವೊಂದೇ ಕಾರಣವಲ್ಲ. ಒಂದು ಸೀಸೆಯ ಬಲ ಮತ್ತೊಂದು ಸೀಸೆಗೆ ಇರುತ್ತಿರಲಿಲ್ಲ. ಅದೇ ಅಳತೆಯನ್ನು ಕೊಟ್ಟರೆ ಒಬ್ಬನಿಗೆ ಏನೂ ಆಗದು, ಇನ್ನೊಬ್ಬನಿಗೆ ಭ್ರಮೆ ಹಿಡಿಯುವುದು. ಅದರ ಸತ್ತ್ವವು ನೀರಿನಲ್ಲಿ ಕರಗದಿದ್ದುದರಿಂದ ಸೂಜಿಮದ್ದಾಗಿ ಕೊಡಲಾಗುತ್ತಿರಲಿಲ್ಲ. ಅಷ್ಟರಲ್ಲಿ ಆಸ್ಪಿರಿನ್ ಮೊದಲಾದ ಖಚಿತವಾದ ಮಾತ್ರೆಗಳು ಬಂದವು. ನೀರಿನಲ್ಲಿ ಕರಗದೆ ಕೊಬ್ಬಿನಲ್ಲಿ ಕರಗುವ ಈ ಗುಣವನ್ನು ನೋಡಿದಾಗ, ನಮ್ಮ ಹಿರಿಯರು ಭಂಗಿಯನ್ನು ಹಾಲು ತುಪ್ಪಗಳೊಡನೆಯೇ ಏಕೆ ಬೆರೆಸುತ್ತಿದ್ದರೆಂಬುದು ತಿಳಿಯುತ್ತದೆ. ಸೇವಿಸಿದವನ ಮೂತ್ರದಲ್ಲಿ ದಿನಗಟ್ಟಲೆ, ನಿತ್ಯ ಸೇವಿಸುವವನಲ್ಲಿ ವಾರಗಟ್ಟಲೆ ಅದರ ಅಂಶ ಸಿಕ್ಕುವುದಕ್ಕೂ ಇದೇ ಕಾರಣ. ದೇಹದ ಕೊಬ್ಬಿನಲ್ಲಿ ಅದು ಅಡಗಿ ಕುಳಿತಿರುತ್ತದೆ.

ಸತ್ತ್ವವನ್ನು ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದವರು ಇಸ್ರೇಲಿನ ಮೆಶೂಲಮ್ ಮತ್ತು ಗಾವೋನಿ, ೧೯೬೪ರಲ್ಲಿ. ಅಮಲನ್ನುಂಟುಮಾಡುವ ಅಂಶಕ್ಕೆ ಟಿ.ಹೆಚ್.ಸಿ. ಎಂದು ಚಿಕ್ಕ ಹೆಸರು. ಅದೇ ಗಿಡದಲ್ಲಿ ಅಮಲಿಲ್ಲದ ಮತ್ತೊಂದು ಅಂಶವುಂಟು, ಅದು ಸಿ.ಬಿ.ಡಿ. ಈ ಎರಡನ್ನೂ ಬೇರೆ ಬೇರೆಯಾಗಿ ತಿಳಿಯದಿದ್ದರೆ ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರವೇ ಇಲ್ಲ. ಟಿ.ಹೆಚ್.ಸಿ.ಯು ಮಿದುಳಿನ ಮೇಲೆ ಹೇಗೆ ಕೆಲಸ ಮಾಡುತ್ತದೆಂದು ಹುಡುಕುತ್ತಾ ಹೋದ ವಿಜ್ಞಾನಿಗಳಿಗೆ ೧೯೮೮ರಲ್ಲಿ ಮಿದುಳಿನ ಕಣಗಳ ಮೇಲೆ ಅದನ್ನು ಹಿಡಿದುಕೊಳ್ಳುವ ಕೀಲಿಕಂಡಿಗಳಂಥ ಸ್ಥಾನಗಳು ಕಂಡವು. ಗಾಂಜಾ ಸೇದಲೆಂದು ದೇಹವು ಬೀಗವನ್ನು ಮಾಡಿಟ್ಟಿರಲಾರದಷ್ಟೆ! ಆ ಬೀಗಕ್ಕೆ ದೇಹವೇ ಮಾಡಿಕೊಂಡ ಕೀಲಿಕೈ ಯಾವುದೆಂದು ಮತ್ತೆ ಹುಡುಕಿದರು. ೧೯೯೨ರಲ್ಲಿ ಅದೂ ಸಿಕ್ಕಿತು. ಮೆಶೂಲಮರ ಪ್ರಯೋಗಶಾಲೆಯವರು ಅದಕ್ಕೆ ನಮ್ಮ ಸಂಸ್ಕೃತದ ಆನಂದ ಶಬ್ದದಿಂದಲೇ ಆನಂದಮೈಡ್ ಎಂಬ ಹೆಸರನ್ನಿಟ್ಟರು.

ಹಸಿವು, ನೋವು, ನೆನಪು, ಭಯ, ನಿದ್ರೆ, ದೇಹದ ತೂಕ ತಪ್ಪದಂತೆ ನಡೆಯುವುದು, ಇವೆಲ್ಲವನ್ನೂ ಹದದಲ್ಲಿಡಲು ದೇಹವು ಬೇಕಾದಾಗ ಬೇಕಾದಷ್ಟೇ ಈ ಆನಂದಮೈಡನ್ನು ಮಾಡಿ, ಕೂಡಲೇ ಅಳಿಸಿಬಿಡುತ್ತದೆ. ಮಗ್ಗದ ಮನೆಯ ಮಕ್ಕಳಿಗೆ ಒಂದು ಉಪಮಾನವನ್ನು ಹೇಳುತ್ತೇವೆ. ಲಾಳಿಯು ಹೋಗಬೇಕಾದಾಗ ಹೋಗಿ, ಬರಬೇಕಾದಾಗ ಬಂದರೆ ನೇಯ್ಗೆ. ಹೊರಗಿನವನೊಬ್ಬನು ಬಂದು ತನ್ನಿಚ್ಛೆಯಂತೆ ಲಾಳಿಯನ್ನು ಎಸೆಯತೊಡಗಿದರೆ ಹಾಸು ಹೊಕ್ಕು ಎರಡೂ ಕೆಟ್ಟವು. ಗಾಂಜಾದ ಹೊಗೆಯಿಂದ ಬರುವ ಟಿ.ಹೆಚ್.ಸಿ.ಯು ಹಾಗೆ ಹೊರಗಿನಿಂದ ಬಂದು ಗಂಟೆಗಟ್ಟಲೆ ಬೀಗದಲ್ಲಿ ಕುಳಿತಿರುತ್ತದೆ. ಸೇದಿದವನಿಗೆ ಹೊತ್ತು ನಿಧಾನವಾಗಿ ಸಾಗಿದಂತೆ ತೋರುವುದು, ಹೇಳಹೊರಟ ಮಾತು ಮರೆಯುವುದು, ಅತಿಯಾದ ಹಸಿವು, ಎದೆ ಬಡಿತ, ಕೆಲವರಿಗೆ ವಿನಾ ಕಾರಣ ಸಂಶಯ, ಇವೆಲ್ಲವೂ ಇದರ ಫಲ.

ಇನ್ನು ಔಷಧದ ಮಾತು. ಇಲ್ಲಿ ನಾವು ಯಾವುದನ್ನೂ ಮುಚ್ಚಿಡುವುದಿಲ್ಲ. ಅರ್ಬುದ ರೋಗದ, ಅಂದರೆ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಬರುವ ವಾಕರಿಕೆ ವಾಂತಿಗಳಿಗೆ, ಟಿ.ಹೆಚ್.ಸಿ.ಯನ್ನೇ ಪ್ರಯೋಗಶಾಲೆಯಲ್ಲಿ ತಯಾರಿಸಿದ ಗುಳಿಗೆಗೆ ಅಮೇರಿಕವು ೧೯೮೫ರಲ್ಲಿ ಅನುಮತಿ ಕೊಟ್ಟಿತು. ನರಗಳ ಒಂದು ಕಾಯಿಲೆಯಲ್ಲಿ ಕೈಕಾಲು ಸೆಟೆದುಕೊಳ್ಳುವುದಕ್ಕೆ ಬಾಯಿಗೆ ಚಿಮುಕಿಸುವ ಔಷಧವೊಂದು ೨೦೧೦ರಲ್ಲಿ ಇಂಗ್ಲೆಂಡಿನಲ್ಲಿ ಬಂದಿತು. ೨೦೧೭ರಲ್ಲಿ ಅಮೇರಿಕದ ವಿಜ್ಞಾನ ಅಕಾಡೆಮಿಗಳ ಪಂಡಿತ ಮಂಡಲಿಯು ಎಲ್ಲ ಸಂಶೋಧನೆಗಳನ್ನೂ ತೂಗಿ ನೋಡಿ, ಈ ಎರಡಕ್ಕೂ ಮತ್ತು ವಯಸ್ಕರ ದೀರ್ಘಕಾಲದ ನೋವಿಗೂ ಸಾಕಷ್ಟು ಆಧಾರವಿದೆಯೆಂದು ಒಪ್ಪಿಕೊಂಡಿತು. ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಮನಸ್ಸನ್ನು ಕಲಕಿದುದು ಮಕ್ಕಳ ಮೂರ್ಛೆರೋಗದ ಸಂಗತಿ. ಡ್ರಾವೆ ಎಂಬ ಕ್ರೂರವಾದ ಮೂರ್ಛೆರೋಗವು ಹುಟ್ಟಿದ ವರ್ಷದಲ್ಲಿಯೇ ಶಿಶುಗಳನ್ನು ಹಿಡಿಯುತ್ತದೆ; ಸಾಮಾನ್ಯ ಔಷಧಗಳಿಗೆ ಬಗ್ಗುವುದಿಲ್ಲ. ಇಂಥ ೧೨೦ ಮಂದಿ ಮಕ್ಕಳು ಮತ್ತು ತರುಣರ ಮೇಲೆ ನಡೆದ ಪರೀಕ್ಷೆಯ ಫಲವು ೨೦೧೭ರಲ್ಲಿ ಪ್ರಕಟವಾಯಿತು. ಶುದ್ಧ ಸಿ.ಬಿ.ಡಿ.ಯನ್ನು ಕುಡಿಸಿದವರಲ್ಲಿ ತಿಂಗಳಿಗೆ ಸುಮಾರು ೧೨ ಸಲ ಬರುತ್ತಿದ್ದ ಸೆಳವು ಸುಮಾರು ೬ಕ್ಕೆ ಇಳಿಯಿತು. ಬರಿಯ ಸಿಹಿನೀರಿನಂಥ ಹುಸಿಮದ್ದು ಕುಡಿದವರಲ್ಲಿ ೧೫ರಿಂದ ೧೪ಕ್ಕೆ ಮಾತ್ರ. ಮರುವರ್ಷ, ೨೦೧೮ರಲ್ಲಿ, ಅದಕ್ಕೆ ಅನುಮತಿ ದೊರೆಯಿತು. ಕಲ್ಕತ್ತೆಯ ಆ ಶಿಶುವಿನ ಸಂಗತಿಯು ಖಚಿತವಾದ ಅಳತೆಯ ಔಷಧವಾಗಲು ೧೭೯ ವರ್ಷಗಳೇ ಬೇಕಾದವು. ತೂಕವಿಟ್ಟು, ಯಕೃತ್ತಿನ ರಕ್ತಪರೀಕ್ಷೆಯನ್ನು ಮಾಡಿಸುತ್ತಾ ವೈದ್ಯರು ಕೊಡುವ ಔಷಧವಿದು. ಇದರಲ್ಲಿ ಅಮಲಿಲ್ಲ. ಬಸ್ ನಿಲ್ದಾಣದ ಹಿಂದೆ ಪೊಟ್ಟಣದಲ್ಲಿ ಸಿಕ್ಕುವುದಕ್ಕೂ ಇದಕ್ಕೂ ಗಿಡದ ಹೆಸರೊಂದೇ ಸಂಬಂಧ.

ಗಾಂಜಾ ಕ್ಯಾನ್ಸರನ್ನೇ ಗುಣಪಡಿಸುತ್ತದೆ ಎಂದು ಕೈಯ ಫೋನಿನಲ್ಲಿ ಹರಿದಾಡುವ ಮಾತಿಗೆ ಮನುಷ್ಯರಲ್ಲಿ ಸಿದ್ಧಪಟ್ಟ ಆಧಾರವಿಲ್ಲ. ಕಣ್ಣಿನ ಒತ್ತಡದ ರೋಗದಲ್ಲಿ ಒತ್ತಡವನ್ನು ಇಳಿಸುವುದೇನೋ ನಿಜ, ಆದರೆ ಮೂರು ನಾಲ್ಕು ಗಂಟೆ ಮಾತ್ರ. ಆದುದರಿಂದ ಕಣ್ಣಿನ ವೈದ್ಯರು ಅದನ್ನು ಹೇಳುವುದಿಲ್ಲ.

ಕೆಡುಕಿನ ವಿಚಾರದಲ್ಲಿಯೂ ಅಷ್ಟೇ ಪ್ರಾಮಾಣಿಕರಾಗಿರಬೇಕು. ಒಂದು ಬಾರಿ ಸೇದಿದವನು ಹುಚ್ಚನಾಗಿಬಿಡುವನೆಂದು ಮಕ್ಕಳನ್ನು ಹೆದರಿಸುವ ಉಪಾಧ್ಯಾಯರು, ಸೇದಿಯೂ ಹುಚ್ಚನಾಗದ ಗೆಳೆಯನನ್ನು ಮಕ್ಕಳು ಕಂಡ ದಿನದಿಂದ ತಮ್ಮ ಮಾತಿನ ಬೆಲೆಯನ್ನೆಲ್ಲ ಕಳೆದುಕೊಳ್ಳುತ್ತಾರೆ. ನೂರಮೂವತ್ತು ವರ್ಷಗಳ ಹಿಂದೆ, ೧೮೯೩ರಲ್ಲಿ, ಆಗಿನ ಸರಕಾರವು ಈ ವಿಷಯವನ್ನು ವಿಚಾರಿಸಲು ಒಂದು ಆಯೋಗವನ್ನು ನೇಮಿಸಿ, ಅದು ೧೧೯೩ ಮಂದಿಯ ಸಾಕ್ಷ್ಯವನ್ನು ಪಡೆದು ಮರುವರ್ಷ ವರದಿ ಕೊಟ್ಟಿತು. ಹುಚ್ಚಾಸ್ಪತ್ರೆಗಳ ದಾಖಲೆಗಳಲ್ಲಿ ಗಾಂಜಾದಿಂದ ಹುಚ್ಚು ಎಂದು ಬರೆದಿದ್ದವುಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ, ಎಷ್ಟೋ ಕಡೆ ಅದು ರೋಗಿಯನ್ನು ಕರೆತಂದ ಪೊಲೀಸರ ಊಹೆಯ ಬರಹವೆಂದು ಕಂಡುಬಂದಿತು. ಮಿತವಾದ ಸೇವನೆಯಿಂದ ಹೇಳಿಕೊಳ್ಳುವಷ್ಟು ಕೆಡುಕಿಲ್ಲ, ಅತಿಯಾದರೆ ನಿಶ್ಚಯವಾಗಿ ಕೆಡುಕು ಎಂಬುದು ಆ ವರದಿಯ ತೀರ್ಮಾನ. ಆಗಿನ ಕಾಲಕ್ಕೆ ಅದು ಅತ್ಯಂತ ವಿವೇಕದ ಬರಹವೆಂದೇ ನಮ್ಮ ಅಭಿಪ್ರಾಯ. ಆದರೆ ಹದಿನಾಲ್ಕು ಹದಿನೈದು ವರ್ಷದ ಮಿದುಳು ಇನ್ನೂ ಬೆಳೆಯುತ್ತಿರುವ ಮಿದುಳೆಂಬುದು ಅವರಿಗೆ ತಿಳಿದಿರಲಿಲ್ಲ. ಮಿದುಳಿನ ಮುಂಭಾಗವು ಪೂರ್ತಿ ಬಲಿಯಲು ಇಪ್ಪತ್ತೈದು ವರ್ಷಗಳಾದರೂ ಬೇಕು.

ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರಲು ಬಂದ ನಲವತ್ತೈದು ಸಾವಿರಕ್ಕೂ ಹೆಚ್ಚು ಮಂದಿ ತರುಣರನ್ನು ಹದಿನೈದು ವರ್ಷಗಳ ಕಾಲ ಗಮನಿಸಿ, ೧೯೮೭ರಲ್ಲಿ ಫಲವನ್ನು ಪ್ರಕಟಿಸಿದರು. ಹದಿನೆಂಟರ ವಯಸ್ಸಿಗೇ ಬಹಳ ಸಲ ಗಾಂಜಾ ಸೇದಿದ್ದವರಲ್ಲಿ ಸ್ಕಿಜೊಫ್ರೀನಿಯ ಎಂಬ ಘೋರ ಚಿತ್ತವಿಕಾರವು ಸೇದದವರಿಗಿಂತ ಆರು ಪಟ್ಟು ಕಾಣಿಸಿಕೊಂಡಿತ್ತು. ಮನಸ್ಸಿನಲ್ಲಿ ಮೊದಲೇ ಅಸ್ವಸ್ಥತೆ ಇದ್ದವರೇ ಗಾಂಜಾದ ಕಡೆಗೆ ಹೋದರೋ ಏನೋ ಎಂಬ ಪ್ರಶ್ನೆಯೂ ಎದ್ದಿತು. ಅದು ನ್ಯಾಯವಾದ ಪ್ರಶ್ನೆಯೇ. ಮುಂದಿನ ಅಧ್ಯಯನಗಳು ಆ ಅಂಶವನ್ನು ಕಳೆದು ನೋಡಿದಾಗ ಸಂಬಂಧವು ಕುಗ್ಗಿತು, ಆದರೆ ಅಳಿಯಲಿಲ್ಲ. ಎಳೆಯ ವಯಸ್ಸು, ಹೆಚ್ಚು ಸೇವನೆ, ಮನೆತನದಲ್ಲಿ ಮನೋರೋಗ, ಈ ಮೂರೂ ಕೂಡಿದಲ್ಲಿ ಅಪಾಯವು ದೊಡ್ಡದು. ಸೇವಿಸುವವರಲ್ಲಿ ಸುಮಾರು ಹತ್ತರಲ್ಲಿ ಒಬ್ಬನು ಅದಕ್ಕೆ ದಾಸನಾಗುವನೆಂದೂ, ಹದಿಹರೆಯದಲ್ಲಿಯೇ ಆರಂಭಿಸಿದವರಲ್ಲಿ ಆರರಲ್ಲಿ ಒಬ್ಬನೆಂದೂ ಲೆಕ್ಕವುಂಟು. ಇಂದಿನ ಗಾಂಜಾದ ಬಲವೂ ಹಿಂದಿನದಲ್ಲ. ಅಮೇರಿಕದಲ್ಲಿ ಪೊಲೀಸರು ಹಿಡಿದ ಸರಕನ್ನು ಪರೀಕ್ಷಿಸಿದಾಗ ಟಿ.ಹೆಚ್.ಸಿ.ಯ ಅಂಶವು ೧೯೯೫ರಲ್ಲಿ ನೂರಕ್ಕೆ ಸುಮಾರು ೪ ಇದ್ದದ್ದು ೨೦೧೪ರ ವೇಳೆಗೆ ೧೨ ಆಗಿತ್ತು.

ನಮ್ಮ ದೇಶದ ಲೆಕ್ಕವನ್ನು ದೆಹಲಿಯ ಏಮ್ಸ್ ಸಂಸ್ಥೆಯವರು ೨೦೧೯ರಲ್ಲಿ ಪ್ರಕಟಿಸಿದರು. ಹತ್ತರಿಂದ ಎಪ್ಪತ್ತೈದು ವಯಸ್ಸಿನವರಲ್ಲಿ ಸುಮಾರು ೩ ಕೋಟಿ ೧೦ ಲಕ್ಷ ಮಂದಿ ಆ ಹಿಂದಿನ ಒಂದು ವರ್ಷದಲ್ಲಿ ಭಂಗಿ, ಗಾಂಜಾ, ಚರಸ್‌ಗಳಲ್ಲಿ ಒಂದನ್ನು ಸೇವಿಸಿದ್ದರು. ಇವರಲ್ಲಿ ಸುಮಾರು ೭೨ ಲಕ್ಷ ಮಂದಿಗೆ ಸಹಾಯ ಬೇಕಾಗಿತ್ತು. ಇದು ಎಲ್ಲೋ ದೂರದ ಮಾತೆಂದು ಭಾವಿಸಬೇಡಿರಿ. ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾವನ್ನು ಪ್ರಸಾದವೆಂದು ಕೊಡುವರೆಂದು ೨೦೨೦ರಲ್ಲಿ ಪತ್ರಿಕೆಗಳು ಬರೆದಿದ್ದವು. ೧೯೫೬ರ ನವೆಂಬರ್ ೧ರವರೆಗೆ ನಮ್ಮ ಕೊಯಮುತ್ತೂರು ಜಿಲ್ಲೆಗೇ ಸೇರಿದ್ದ ಕೊಳ್ಳೇಗಾಲ ಸೀಮೆಯಲ್ಲಿ, ಹನೂರಿನ ಕಡೆಯ ಹೊಲಗಳಲ್ಲಿ, ಬೇರೆ ಬೆಳೆಯ ಮರೆಯಲ್ಲಿ ಗಾಂಜಾ ಗಿಡ ಸಿಕ್ಕಿತೆಂಬ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಇಲ್ಲಿ ಕೊಯಮುತ್ತೂರು, ತಿರುಪ್ಪೂರುಗಳಲ್ಲಿ ಈಚಿನ ವರ್ಷಗಳಲ್ಲಿ ಪೊಲೀಸರು ಹಿಡಿದಿರುವ ಸರಕಿನಲ್ಲಿ ಗಾಂಜಾ ಚಾಕೊಲೇಟ್ ಎಂಬುದೂ ಸೇರಿದೆ. ಬನಿಯನ್ ಕಂಪನಿಗಳಿಗೆ ಹೊರ ರಾಜ್ಯಗಳಿಂದ ಬಂದವರೇ ಇದಕ್ಕೆಲ್ಲ ಹೊಣೆಯೆಂದು ಕೆಲವರು ಸುಲಭವಾಗಿ ಬೆರಳು ತೋರಿಸುತ್ತಾರೆ. ನಾವು ಕನ್ನಡಿಗರು ಕೂಡ ಒಂದು ಕಾಲದಲ್ಲಿ ಮಗ್ಗವನ್ನು ಹೊತ್ತು ಈ ಸೀಮೆಗೆ ಬಂದವರೇ ಎಂಬುದನ್ನು ಮರೆತು ಆಡುವ ಮಾತದು. ಕೊಳ್ಳುವವರಿಲ್ಲದೆ ಮಾರುವವರಿಲ್ಲ, ಕೊಳ್ಳುವವರಲ್ಲಿ ನಮ್ಮ ಮನೆಯ ಮಕ್ಕಳೂ ಇದ್ದಾರೆ.

ಈ ಮಿಠಾಯಿಯ ವಿಷಯವನ್ನು ತಾಯಂದಿರು ವಿಶೇಷವಾಗಿ ಕೇಳಬೇಕು. ಸೇದಿದರೆ ನಿಮಿಷಗಳಲ್ಲಿ ತಲೆಗೇರುತ್ತದೆ. ತಿಂದರೆ ಅರ್ಧ ಗಂಟೆಯಿಂದ ಎರಡು ಗಂಟೆಯ ತನಕ ಏನೂ ಗೊತ್ತಾಗುವುದಿಲ್ಲ. ಏನೂ ಆಗಲಿಲ್ಲವೆಂದು ಹುಡುಗನು ಎರಡನೆಯದನ್ನೂ ತಿನ್ನುತ್ತಾನೆ. ಅಷ್ಟರಲ್ಲಿ ಯಕೃತ್ತು ಮೊದಲನೆಯದನ್ನು ಇನ್ನೂ ತೀಕ್ಷ್ಣವಾದ ರೂಪಕ್ಕೆ ಮಾರ್ಪಡಿಸಿ ಮಿದುಳಿಗೆ ಕಳುಹಿಸಿರುತ್ತದೆ. ಅಮಲು ಆರೆಂಟು ಗಂಟೆ ಬಿಡುವುದಿಲ್ಲ. ಬೆಳೆದವರಲ್ಲಿ ಉಸಿರನ್ನು ನಡೆಸುವ ಮಿದುಳಿನ ಭಾಗದಲ್ಲಿ ಆ ಬೀಗಗಳು ಕಡಿಮೆಯಾಗಿರುವುದರಿಂದ ಅಫೀಮಿನಂತೆ ಇದು ಉಸಿರನ್ನು ನಿಲ್ಲಿಸುವುದು ಅಪರೂಪ. ಚಿಕ್ಕ ಮಕ್ಕಳಿಗೆ ಆ ಭರವಸೆಯಿಲ್ಲ. ಮಗುವು ತೂಕಡಿಸುತ್ತಾ, ತೂರಾಡುತ್ತಾ, ಕರೆದರೆ ಓಗೊಡದೆ ಇದ್ದರೆ ಮಜ್ಜಿಗೆ, ನಿಂಬೆಹಣ್ಣು ಎಂದು ಕಾಲ ಕಳೆಯದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ವೈದ್ಯರಿಗೆ ನಿಜವನ್ನು ಹೇಳಿರಿ. ಮಾನಕ್ಕೆ ಅಂಜಿ "ಹೋಟೆಲಿನಲ್ಲಿ ಏನೋ ತಿಂದ" ಎಂದರೆ ಚಿಕಿತ್ಸೆಯ ದಾರಿ ತಪ್ಪುತ್ತದೆ.

ಜೈಲಿನ ಪ್ರಶ್ನೆಯು ಉಳಿಯಿತು. ಈಗಿನ ಮಾದಕ ದ್ರವ್ಯಗಳ ಕಾಯಿದೆಯು ಜಾರಿಗೆ ಬಂದುದು ೧೯೮೫ರ ನವೆಂಬರ್ ೧೪ರಂದು; ಮಕ್ಕಳ ದಿನದಂದೇ ಬಂದುದು ಆಕಸ್ಮಿಕವಿರಬಹುದು. ಹೂಗೊಂಚಲಾದ ಗಾಂಜಾ ಮತ್ತು ಚರಸ್ ಇದರ ಹಿಡಿತಕ್ಕೆ ಬರುತ್ತವೆ. ಹೂಗೊಂಚಲು ಸೇರದ ಬರಿಯ ಎಲೆಯನ್ನೂ ಬೀಜವನ್ನೂ ಗಾಂಜಾ ಎಂಬುದರ ಅರ್ಥದಿಂದ ಬಿಟ್ಟಿದೆ. ಉತ್ತರದ ಕೆಲವು ಪ್ರಾಂತಗಳಲ್ಲಿ ಭಂಗಿಯ ಅಂಗಡಿ ಇರುವುದು ಈ ಕಾರಣದಿಂದ. ಗಾಂಜಾದಲ್ಲಿ ೧ ಕಿಲೋಗಿಂತ ಕಡಿಮೆಯಾದರೆ ಅಲ್ಪ ಪ್ರಮಾಣ, ಶಿಕ್ಷೆಯು ಒಂದು ವರ್ಷದವರೆಗೆ ಸೆರೆ ಅಥವಾ ಹತ್ತು ಸಾವಿರದವರೆಗೆ ದಂಡ ಅಥವಾ ಎರಡೂ. ೨೦ ಕಿಲೋಗಿಂತ ಹೆಚ್ಚಾದರೆ ಹತ್ತರಿಂದ ಇಪ್ಪತ್ತು ವರ್ಷ. ಮಗುವಿಗೆ ಅಮಲಿನ ಪದಾರ್ಥವನ್ನು ಕೊಟ್ಟವರಿಗೆ, ಮಗುವಿನ ಕೈಯಿಂದ ಸಾಗಿಸಿದವರಿಗೆ, ೨೦೧೫ರ ಬಾಲನ್ಯಾಯ ಕಾಯಿದೆಯಂತೆ ಏಳು ವರ್ಷದವರೆಗೆ ಕಠಿಣ ಸೆರೆ. ನಮ್ಮಲ್ಲಿ ಬಹಳ ಮಂದಿಗೆ ತಿಳಿಯದ ಅಂಶವೊಂದುಂಟು. ಚಟಕ್ಕೆ ಸಿಕ್ಕಿ, ತಾನೇ ಮುಂದೆ ಬಂದು ಸರಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಯನ್ನು ಪೂರ್ಣವಾಗಿ ಪಡೆದುಕೊಳ್ಳುವವನಿಗೆ, ಸೇವನೆಯ ಅಪರಾಧ ಮತ್ತು ಅಲ್ಪ ಪ್ರಮಾಣದ ಅಪರಾಧಗಳ ಮೊಕದ್ದಮೆಯಿಂದ ಅದೇ ಕಾಯಿದೆಯ ೬೪ಎ ವಿಧಿಯು ರಕ್ಷಣೆ ಕೊಡುತ್ತದೆ. ಔಷಧಕ್ಕಾಗಿ ಗಿಡವನ್ನು ಬೆಳೆಯಲು ಅನುಮತಿ ಕೊಡುವ ಅಧಿಕಾರವನ್ನೂ ಕಾಯಿದೆಯು ಸರಕಾರಕ್ಕೆ ಇರಿಸಿದೆ. ೨೦೨೦ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗವು ಗಾಂಜಾವನ್ನು ಅತ್ಯಂತ ಅಪಾಯಕರ ಪಟ್ಟಿಯಿಂದ ತೆಗೆದುಹಾಕಿತು. ಪರವಾಗಿ ೨೭ ಮತಗಳು, ವಿರುದ್ಧವಾಗಿ ೨೫. ಆ ೨೭ರಲ್ಲಿ ಭಾರತದ್ದೂ ಒಂದು. ಇದರಿಂದ ಔಷಧದ ಸಂಶೋಧನೆಗೆ ದಾರಿ ಸರಾಗವಾಯಿತೇ ಹೊರತು ಸೇವನೆಗೆ ಪರವಾನಗಿ ಸಿಕ್ಕಲಿಲ್ಲ.

ಇಷ್ಟನ್ನೆಲ್ಲ ಓದುವ ಮೊದಲು ನಾವು ನಡೆಸಿದ ಒಂದು ಕಾರ್ಯವನ್ನು ಇಲ್ಲಿ ಹೇಳದಿದ್ದರೆ ಈ ಭಾಷಣವು ಪ್ರಾಮಾಣಿಕವಾಗುವುದಿಲ್ಲ. ಹನ್ನೊಂದು ವರ್ಷಗಳ ಹಿಂದೆ, ಹತ್ತನೆಯ ತರಗತಿಯ ಹುಡುಗನೊಬ್ಬನ ಜೇಬಿನಲ್ಲಿ ಗಾಂಜಾ ತುಂಬಿದ ಬೀಡಿ ಸಿಕ್ಕಿತು. ವಾರದೊಳಗೆ ಅವನ ಟಿ.ಸಿ.ಯನ್ನು ಬರೆದು ಕೈಗೆ ಕೊಟ್ಟೆವು. ಮಗ್ಗದ ಕೆಲಸದ ತಂದೆಯು ಬಂದು ಕೈಮುಗಿದು, "ಪರೀಕ್ಷೆ ಮುಗಿಯೋವರೆಗಾದರೂ ಇರಲಿ ಸಾರ್" ಎಂದುದಕ್ಕೆ, ಉಳಿದ ಮಕ್ಕಳ ಹಿತವನ್ನು ನೋಡಬೇಕೆಂದು ನಾವು ಉತ್ತರ ಹೇಳಿದೆವು. ಆ ಮಾತು ಆಗ ಬಹಳ ನ್ಯಾಯವಾಗಿ ಕೇಳಿಸಿತು. ಹುಡುಗನು ತಿರುಪ್ಪೂರಿನ ಕಡೆಗೆ ಕೆಲಸಕ್ಕೆ ಹೋದನು. ಅಲ್ಲಿ ಶಾಲೆಯಿಲ್ಲ, ಕೇಳುವವರಿಲ್ಲ, ಕೈಯಲ್ಲಿ ವಾರದ ಕೂಲಿ. ಮೂರು ವರ್ಷಗಳ ಮೇಲೆ ಅವನಿಗೆ ಚಿತ್ತಸ್ವಾಸ್ಥ್ಯ ಕೆಟ್ಟಿತೆಂದು ಕೇಳಿದೆವು. ಗಾಂಜಾದಿಂದಲೇ ಕೆಟ್ಟಿತೆಂದು ಹೇಳಲು ನಾವು ವೈದ್ಯರಲ್ಲ. ಆ ತಂದೆಯು ಹಿಂದಿನ ವರ್ಷ ಒಂದು ದಾಖಲೆಯ ನಕಲಿಗಾಗಿ ಕಛೇರಿಗೆ ಬಂದಿದ್ದರು. ನಮ್ಮ ಮೇಲೆ ಒಂದು ಮಾತನ್ನೂ ಆಡಲಿಲ್ಲ. ಮಗನು ಈಗ ಔಷಧ ತೆಗೆದುಕೊಳ್ಳುತ್ತಾನೆ, ಕೆಲವು ದಿನ ಮಗ್ಗದ ಮುಂದೆ ಕೂರುತ್ತಾನೆ ಎಂದಷ್ಟೇ ಹೇಳಿ ಹೋದರು.

ಈ ವರ್ಷದಿಂದ ನಮ್ಮ ಶಾಲೆಯಲ್ಲಿ ಇಂಥ ಸಂದರ್ಭದಲ್ಲಿ ಟಿ.ಸಿ. ಪುಸ್ತಕವನ್ನು ತೆರೆಯುವುದಿಲ್ಲ. ಕಾರ್ಯಕಾರಿ ಸಮಿತಿಯಲ್ಲಿ ಇದಕ್ಕೆ ಆಕ್ಷೇಪವಿತ್ತು. ಅಧ್ಯಕ್ಷರ ಔದಾರ್ಯದಿಂದ ಒಪ್ಪಿಗೆ ದೊರೆಯಿತು. ತಾಯಿತಂದೆಯರನ್ನು ಕರೆಸಿ, ನಾವೇ ಜೊತೆಗೂಡಿ ಸರಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಬರುತ್ತೇವೆ. ಹುಡುಗನ ಹೆಸರು ನಮ್ಮ ಮೇಜಿನ ಒಳಗೇ ಉಳಿಯುತ್ತದೆ. ಮಾರಲು ತಂದವರ ವಿಷಯ ಬೇರೆ. ಅವರ ಹೆಸರು ಪೊಲೀಸರಿಗೆ ಹೋಗುತ್ತದೆ. ಸರಕಾರದ ೧೪೪೪೬ ಎಂಬ ದೂರವಾಣಿಗೆ ಹಣ ಕೊಡದೆ ಕರೆಮಾಡಿ ಮನೆಯಿಂದಲೇ ಸಲಹೆ ಪಡೆಯಬಹುದು. ಆ ಸಂಖ್ಯೆಯನ್ನು ಎಲ್ಲ ತರಗತಿಗಳ ಗೋಡೆಯ ಮೇಲೂ ಬರೆಸಿದ್ದೇವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಚಟದ ಚಿಕಿತ್ಸೆಗೆಂದೇ ಒಂದು ಕೇಂದ್ರವಿದೆ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದೆಂಬುದು ನಮ್ಮ ಮನೆಗಳಿಗೆ ಒಂದು ಅನುಕೂಲ.

ಪ್ರಶ್ನೆ ಕೇಳಿದ ವಿದ್ಯಾರ್ಥಿಯು ಈಗ ಹತ್ತನೆಯ ತರಗತಿಯಲ್ಲಿದ್ದಾನೆ. ಮೂರನೆಯ ಸಾಲಿನಲ್ಲಿ ಕುಳಿತಿರುವುದು ನಮಗೆ ಕಾಣುತ್ತಿದೆ. ಅವನಿಗೆ ಇನ್ನೇನಾದರೂ ಕೇಳುವುದಿದ್ದರೆ, ಬೇರೆ ಯಾರಿಗಾದರೂ ಕೇಳುವುದಿದ್ದರೆ, ವಂದನಾರ್ಪಣೆಗೆ ಮೊದಲು ಅರ್ಧ ಗಂಟೆ ಸಮಯವನ್ನು ಇಟ್ಟಿದ್ದೇವೆ.